ಉಚಿತ ಟಿಕೆಟಿನ ಹಣ ಯಾರದು?

ನಿಮ್ಮ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಮೂರು ತಿಂಗಳ ಸಂಬಳ ಖಾತೆಗೆ ಬೀಳುವಷ್ಟರಲ್ಲಿ ಬ್ಯಾಂಕಿನಿಂದ ಫೋನು ಬರುತ್ತದೆ. ಕ್ರೆಡಿಟ್ ಕಾರ್ಡ್ ತೆಗೆದುಕೊಂಡು ಮೊದಲ ತೊಂಬತ್ತು ದಿನಗಳಲ್ಲಿ ಇಂತಿಷ್ಟು ಖರ್ಚು ಮಾಡಿದರೆ ಸಾವಿರಾರು ಪಾಯಿಂಟುಗಳು ಉಡುಗೊರೆ. ಅವುಗಳಿಂದ ವಿಮಾನದ ಟಿಕೆಟ್ ಪಡೆಯಬಹುದು. ರಜೆಯಲ್ಲಿ ಪುಂಜಾಲಕಟ್ಟೆಗೆ ಬಂದ ಮಗ ಹೇಳುತ್ತಾನೆ: "ಉಮ್ಮಾ, ಈ ಪಾಯಿಂಟಿನಲ್ಲೇ ನಿಮ್ಮನ್ನು ಉಮ್ರಾಕ್ಕೆ ಕಳುಹಿಸುತ್ತೇನೆ. ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುತ್ತೇನೆ. ಬಡ್ಡಿಯ ಒಂದು ಪೈಸೆಯೂ ನಮಗೆ ಸೋಕುವುದಿಲ್ಲ."

ಮಗನ ಪ್ರೀತಿಯಲ್ಲಿ ಕಪಟವಿಲ್ಲ. ಆದರೆ ಅವನು ಸಹಿ ಹಾಕುವ ಕರಾರಿನಲ್ಲಿ, ತಡವಾದರೆ ಬಡ್ಡಿ ಕೊಡುತ್ತೇನೆಂಬ ಒಪ್ಪಿಗೆ ಇದೆ. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನೂ ಬರೆಯುವವನನ್ನೂ ಸಾಕ್ಷಿ ನಿಲ್ಲುವವರನ್ನೂ ಪ್ರವಾದಿ(ಸ) ಶಪಿಸಿದ್ದಾರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡಮಿಯು 2000ದ ಸೆಪ್ಟೆಂಬರಿನಲ್ಲಿ ರಿಯಾದ್‌ನಲ್ಲಿ ಸಭೆ ಸೇರಿ, ಬಡ್ಡಿಯ ಷರತ್ತಿರುವ ಇಂತಹ ಕಾರ್ಡನ್ನು ಗಡುವಿನೊಳಗೆ ತೀರಿಸುವ ಉದ್ದೇಶವಿದ್ದರೂ ಬಳಸುವುದು ಸಮ್ಮತವಲ್ಲವೆಂದು ನಿರ್ಣಯಿಸಿತು. ಸಕಾಲದಲ್ಲಿ ತೀರಿಸುವ ಖಾತ್ರಿಯಿದ್ದರೆ ಅಗತ್ಯಕ್ಕೆ ಬಳಸಬಹುದೆನ್ನುವ ವಿದ್ವಾಂಸರೂ ಇದ್ದಾರೆ. ಆ ಚರ್ಚೆಯನ್ನು ಅವರಿಗೇ ಬಿಡೋಣ. ಆದರೆ ಅವರು ಹೇಳಿದ್ದು ಅಗತ್ಯದ ಮಾತು, ಉಡುಗೊರೆಯ ಮಾತಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಪ್ರಶ್ನೆ. ಈ ಉಡುಗೊರೆಯ ಹಣ ಎಲ್ಲಿಂದ ಬರುತ್ತದೆ? ಒಂದು ಪಾಲು ಅಂಗಡಿಯವರು ಕೊಡುವ ಶುಲ್ಕದಿಂದ, ಇನ್ನೊಂದು ಪಾಲು ವಾರ್ಷಿಕ ಶುಲ್ಕದಿಂದ ಬರುತ್ತದೆ ಎಂಬುದು ನಿಜ. ಮತ್ತೊಂದು ಪಾಲು ಗಡುವು ತಪ್ಪಿದವರದು. ಅವರ ಪಾಡನ್ನು ಸ್ವಲ್ಪ ಲೆಕ್ಕ ಹಾಕಿ. ಬಿಲ್ಲು 40,000 ರೂಪಾಯಿ, ಕನಿಷ್ಠ ಪಾವತಿ ಶೇ. 5 ಎಂದಾದರೆ 2,000. ಅಷ್ಟನ್ನೇ ಕಟ್ಟಿದವನ ಮೇಲೆ ಉಳಿದ 38,000ಕ್ಕೆ ತಿಂಗಳಿಗೆ ಶೇ. 3.5ರಂತೆ 1,330 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ತೆರಿಗೆ ಬೇರೆ. ಮರುದಿನ ಕೊಂಡ ಅಕ್ಕಿಗೂ ಬಡ್ಡಿ ಅಂದಿನಿಂದಲೇ ಶುರು, ಏಕೆಂದರೆ ಬಾಕಿ ಉಳಿಸಿಕೊಂಡವನಿಗೆ ಬಡ್ಡಿರಹಿತ ಅವಧಿ ಇಲ್ಲ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು ಕುರ್‌ಆನ್ (2:280) ಆದೇಶಿಸುತ್ತದೆ. ಇಲ್ಲಿ ಕಷ್ಟದಲ್ಲಿರುವವನೇ ಬ್ಯಾಂಕಿನ ಒಳ್ಳೆಯ ಗಿರಾಕಿ! ಅವನ ಕೈಯಿಂದ ಹೋದುದರಲ್ಲಿ ಒಂದಿಷ್ಟು ಸುತ್ತಿ ಬಳಸಿ ನಿಮ್ಮ ಟಿಕೆಟಾಗುತ್ತದೆ.

ಬ್ಯಾಂಕು ನಮ್ಮ ಕರಾವಳಿಗೆ ಹೊಸದಲ್ಲ. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಶನ್ ಬ್ಯಾಂಕನ್ನು ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. 1928ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ಪಿಗ್ಮಿ ಯೋಜನೆ ತಂದಾಗ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ಬಡ್ಡಿಯ ಆಕ್ಷೇಪ ಅಲ್ಲಿಯೂ ಇದೆ. ಆದರೂ ಆ ಏಜೆಂಟ್ ಉಳಿಸಿರೆಂದು ಬಾಗಿಲು ತಟ್ಟುತ್ತಿದ್ದ. ಇಂದಿನವನು ಖರ್ಚು ಮಾಡಿರೆಂದು ಕರೆಯುತ್ತಾನೆ. ತೊಂಬತ್ತನೆಯ ದಿನ ಹತ್ತಿರವಾದಾಗ, ಗುರಿ ಮುಟ್ಟಲು ಬೇಡದ ಮಿಕ್ಸಿಯನ್ನೂ ಕೊಳ್ಳುವಂತಾಗುತ್ತದೆ. ದುಂದುಗಾರರನ್ನು ಶೈತಾನನ ಸಹೋದರರೆಂದ ಕುರ್‌ಆನ್ (17:27) ಇದಕ್ಕೆ ಏನೆನ್ನುತ್ತದೆಂದು ನೀವೇ ಯೋಚಿಸಿ.

ದೀರ್ಘ ಪ್ರಯಾಣದಲ್ಲಿ ಕೂದಲು ಕೆದರಿ ಧೂಳು ಮೆತ್ತಿದ ವ್ಯಕ್ತಿಯೊಬ್ಬನು ಆಕಾಶದೆಡೆಗೆ ಕೈಯೆತ್ತಿ ಬೇಡುವುದನ್ನು ಪ್ರವಾದಿ(ಸ) ಪ್ರಸ್ತಾಪಿಸಿದ್ದಾರೆ. ಅವನ ಆಹಾರ, ಪಾನೀಯ, ಉಡುಪು ಎಲ್ಲವೂ ನಿಷಿದ್ಧವಾಗಿರುವಾಗ ಪ್ರಾರ್ಥನೆಗೆ ಉತ್ತರ ಸಿಗುವುದಾದರೂ ಹೇಗೆಂದು ಅವರು ಕೇಳಿದರು. ಕಡ್ಡಾಯವಾದ ಹಜ್ಜನ್ನೇ ಅಲ್ಲಾಹನು ಸಾಮರ್ಥ್ಯವಿದ್ದವರ ಮೇಲೆ ಮಾತ್ರ ಹೊರಿಸಿದ್ದಾನೆ (3:97). ಹಾಗಿರುವಾಗ ಸಂದೇಹದ ಟಿಕೆಟಿನಲ್ಲಿ ಅವಸರದಿಂದ ಹೊರಡುವ ಅನಿವಾರ್ಯತೆ ಯಾರಿಗಿದೆ? ತಿಂಗಳಿಗೊಂದಿಷ್ಟು ತೆಗೆದಿಟ್ಟು ಎರಡು ವರ್ಷ ತಡವಾಗಿ ಹೋದರೆ ಕಅಬಾ ಅಲ್ಲಿಯೇ ಇರುತ್ತದೆ.

ಈಗಾಗಲೇ ಕಾರ್ಡ್ ಪಡೆದವರು ಮೊದಲು ಕನಿಷ್ಠ ಪಾವತಿಯ ಅಭ್ಯಾಸ ಬಿಟ್ಟು ಬಾಕಿಯನ್ನು ಪೂರ್ತಿ ತೀರಿಸಲಿ, ಬಳಿಕ ಕಾರ್ಡ್ ಮುಚ್ಚಲು ಲಿಖಿತವಾಗಿ ಕೇಳಲಿ. ಆನ್‌ಲೈನ್ ಟಿಕೆಟಿಗೆ ಸ್ವಂತ ಹಣವಿರುವ ಖಾತೆಯ ಡೆಬಿಟ್ ಕಾರ್ಡ್ ಸಾಕಾಗುತ್ತದೆ. ಕೂಡಿಬಿದ್ದ ಪಾಯಿಂಟುಗಳನ್ನು ಏನು ಮಾಡಬೇಕೆಂಬುದನ್ನು ನಿಮ್ಮ ಜಮಾಅತಿನ ಉಸ್ತಾದರಲ್ಲಿ ಕೇಳಿ. ಹೋಗುವಾಗ ಕರಾರಿನ ಪ್ರತಿಯನ್ನೂ ಜೊತೆಗೆ ಒಯ್ಯಿರಿ.