ಆ ಜೋಳ ನಾನೂ ಉಂಡೀನಿ

ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಶಾಸನವಿದೆ. 1007ನೆಯ ಇಸವಿಯದು. ಬಸದಿ ಕಟ್ಟಿಸಿದವರ ಹೆಸರು ಸಾವಿರ ವರ್ಷ ಬಾಳಿದೆ. ಕಲ್ಲು ಹೊತ್ತವರ ಹೆಸರು ಆ ಕಲ್ಲಿನ ಮ್ಯಾಲಿಲ್ಲ. 941ರಲ್ಲಿ ಪಂಪ ತನ್ನ ಭಾರತವನ್ನು ಪುಲಿಗೆರೆಯ ಕನ್ನಡದಲ್ಲಿ ಬರೆದೆನೆಂದು ಹೇಳಿಕೊಂಡ. ಆ ಪುಲಿಗೆರೆಯೇ ಇವತ್ತಿನ ಲಕ್ಷ್ಮೇಶ್ವರ. ಅಲ್ಲಿಯ ಕೇರಿಯೂ ಕನ್ನಡವನ್ನೇ ಆಡುತ್ತಿತ್ತು. ಆ ಮಾತನ್ನು ಬರೆದಿಟ್ಟವರು ಯಾರು?

ಗೆಳೆಯರೇ, ನಮ್ಮ ಇತಿಹಾಸ ಕಲ್ಲಿನಾಗಿಲ್ಲ, ತಾಮ್ರಪಟದಾಗಿಲ್ಲ. ಕಾಗದದಾಗ ಹುಡುಕೋಣ ಅಂದ್ರ, ಸಂಸ್ಥಾನಗಳು ಹೋಗೋತನಕ ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜಿನವರದು. ಗದಗ-ಬೆಟಗೇರಿ, ಮುಂಡರಗಿ ಇಂಗ್ರೇಜರ ಧಾರವಾಡ ಜಿಲ್ಲೆಯವು. ಈ ಮೂರೂ ದೊರೆತನಗಳ ದಫ್ತರದಲ್ಲಿ ನಮ್ಮವರು ಬಂದರೆ ತಲೆ ಎಣಿಸಲಿಕ್ಕೆ, ಬಿಟ್ಟಿ ದುಡಿಸಲಿಕ್ಕೆ, ಇಲ್ಲಾ ಶಿಕ್ಷೆ ಕೊಡಲಿಕ್ಕೆ. ಉಳಿದದ್ದೆಲ್ಲ ಮುದುಕರ ಬಾಯಾಗ ಐತಿ. ಹಲಗಿ ಬಾರಿಸೋ ಕೈಯಾಗ, ಬೀಸುಕಲ್ಲಿನ ಹಾಡಿನಾಗ, ಮೊಹರಮ್ಮಿನ ಪದದಾಗ ಐತಿ.

ಅದನ್ನು ಕೂಡಿಸಬೇಕು, ನಿಜ. ಆದರೆ ಯಾರಿಗಾಗಿ? ಯಾರ ಒಪ್ಪಿಗೆಯಿಂದ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ. ನಾವೇ ಮಾಡಿದ ಒಂದು ತಪ್ಪಿನಿಂದ ಬಂತು.

ನಾವು ನಾಲ್ಕೈದು ಮಂದಿ. ನಮ್ಮ ನಮ್ಮ ಮನಿಯಾಗ ಮೊದಲ ಡಿಗ್ರಿ ಮುಗಿಸಿದವರು. ಕೈಯಾಗ ನೋಟಬುಕ್ಕು, ಮೊಬೈಲು. ಕಪ್ಪತಗುಡ್ಡದ ಕೆಳಗೆ, ಮುಂಡರಗಿ ಸೀಮೆಯ ಒಂದು ಕೇರಿಯಲ್ಲಿ ಆಯಿಯೊಬ್ಬಾಕಿ 1972ರ ಬರದ ಕಥಿ ಹೇಳಿದಳು. ಆಗ ಆಕಿಗೆ ಹತ್ತು ವರ್ಷ. ಒಲಿ ಹೊತ್ತದ ದಿನಗಳು. ನಾವು ಬರಕೊಂಡ ಪ್ರಕಾರ, ಎರಡು ಚೀಲ ಜೋಳಕ್ಕ ಅಪ್ಪ ಹನ್ನೆರಡು ವರ್ಷದ ಅಣ್ಣನ್ನ ದೊಡ್ಡ ಹೊಲದವರ ಮನಿಯಾಗ ಆಳು ಇಟ್ಟ. ಒಂದು ವರ್ಷಕ್ಕಂತ ಹೋದ ಹುಡುಗ ಬಡ್ಡಿ ಬೆಳೆದು ಅಲ್ಲೇ ಉಳಿದ. 1976ರಲ್ಲಿ ಜೀತ ರದ್ದು ಮಾಡೋ ಕಾಯ್ದೆ ಬಂದಾಗಲೂ ಅದೇ ಕೊಟ್ಟಿಗೆಯಾಗ ಸಗಣಿ ಬಳೀತಿದ್ದ. ಆಮ್ಯಾಲೆ ಒಂದು ರಾತ್ರಿ ಓಡಿಹೋದ. ತಿರುಗಿ ಬರಲಿಲ್ಲ.

ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಕಡೀಕ ಅಂದಳು: "ಆ ಜೋಳ ನಾನೂ ಉಂಡೀನಿ. ಇದನ್ನ ಬರೀಬ್ಯಾಡ್ರಪ್ಪಾ."

ನಾವು ಬರೆದೆವು. ಗೋಡೆಪತ್ರಿಕೆಗೆ ಹಾಕಿದೆವು. ಗದಗಿನ ಒಂದು ಸಭೆಯಲ್ಲಿ ಆಕೆಯ ಹೆಸರು ಹಿಡಿದೇ ಓದಿದೆವು. ಚಪ್ಪಾಳೆ ಬಿತ್ತು. ಕೆಲವರು ಕಣ್ಣೊರಸಿಕೊಂಡರು. ಸುದ್ದಿ ಬಸ್ಸು ಹತ್ತಿ ಆ ಊರು ಮುಟ್ಟಿತು. ಮುಂದಿನ ಸಲ ಹೋದಾಗ ಆಯಿ ನಮ್ಮನ್ನು ಕಂಡು ಎದ್ದು ಒಳಗ ಹೋದಳು. ಬೈಲಿಲ್ಲ. ಬಾಗಿಲೂ ಹಾಕಲಿಲ್ಲ. ಮಾತಾಡಲಿಲ್ಲ, ಅಷ್ಟ.

ನಮ್ಮೊಳಗೇ ಜಗಳ ಹತ್ತಿತು. ಒಬ್ಬ ಗೆಳೆಯ ಅಂದ: "ಈ ಕಥಿ ಆಯಿಯೊಬ್ಬಾಕೀದಲ್ಲ, ಇಡೀ ಕೇರಿದು. ಮುಚ್ಚಿಟ್ರ ಲಾಭ ಯಾರಿಗೆ? ಜೋಳ ಅಳೆದು ಕೊಟ್ಟವಗ." ಈ ಮಾತು ಸುಳ್ಳಲ್ಲ. ನಮ್ಮ ಮೌನದಿಂದಲೇ ವ್ಯವಸ್ಥೆ ಇಷ್ಟು ಕಾಲ ಕೊಬ್ಬಿದೆ. ಆದರೆ ಮಾತು ಅಲ್ಲಿಗೇ ಮುಗಿಯೋದಿಲ್ಲ. ಅರವಿಂದ ಮಾಲಗತ್ತಿಯವರು 1994ರಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ಬರೆದರು, ಸಿದ್ಧಲಿಂಗಯ್ಯನವರು 'ಊರುಕೇರಿ' ಬರೆದರು. ಅವರು ಹೇಳಿದ್ದು ತಮ್ಮ ಅವಮಾನವನ್ನು. ಅದರ ಮೇಲೆ ಅವರಿಗೆ ಹಕ್ಕಿತ್ತು. ಆಯಿಯ ಅವಮಾನದ ಮೇಲೆ ನಮಗೆ ಹಕ್ಕು ಕೊಟ್ಟವರು ಯಾರು?

ಫ್ಲೀಟ್ ಎಂಬ ಇಂಗ್ರೇಜ ಅಧಿಕಾರಿ 1880ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಕೂಡಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. 1831ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದವರೂ ಇಂಗ್ರೇಜರೇ. ಹಾಡು ಉಳಿಯಿತು, ಒಳ್ಳೆಯದೇ. ಆದರೆ ಅದು ಇಂಗ್ಲಿಷ್ ಪಂಡಿತರ ಪತ್ರಿಕೆ, ಲಾವಣಿ ಹಾಡೋ ಅಂಗಳಕ್ಕೆ ಬರುವಂಥದ್ದಲ್ಲ. ಗದಗಿನ ಸಭೆಯಲ್ಲಿ ನಾವು ಮಾಡಿದ್ದೂ ಇದೇ ಅಲ್ಲವೆ?

ಅಮೆರಿಕದಲ್ಲಿ 1936ರಿಂದ 1938ರವರೆಗೆ ಸರಕಾರವೇ ಜನ ಕಳಿಸಿ, ಗುಲಾಮಗಿರಿ ಕಂಡುಂಡ 2,300ಕ್ಕೂ ಹೆಚ್ಚು ಮುದುಕ-ಮುದುಕಿಯರ ಮಾತು ಬರೆಸಿತು. ಕೇಳಲು ಹೋದವರಲ್ಲಿ ಬಹಳ ಮಂದಿ ಬಿಳಿಯರು. ಎಷ್ಟೋ ಮುದುಕರು ತಮ್ಮ ಹಳೆ ಧಣಿ ಒಳ್ಳೆಯವನಿದ್ದ ಎಂದುಬಿಟ್ಟರು. ಎದುರು ಕುಂತವರ ಮುಖ ನೋಡಿ ಮಾತು ಬಗ್ಗುತ್ತದೆ. ನಾವು ಕೇರಿಯ ಮಕ್ಕಳು, ನಮಗೆ ಆ ತೊಡಕಿಲ್ಲ ಅಂದುಕೊಂಡಿದ್ದೆವು. ಆದರೆ ಪ್ಯಾಂಟು ಹಾಕ್ಕೊಂಡು, ಮೊಬೈಲು ಮುಂದಿಟ್ಟು ಕುಂತ ಗಳಿಗೆಯಿಂದ ನಾವೂ ಅಷ್ಟಿಷ್ಟು ಸರಕಾರವೇ.

ಆಯಿ ಯಾಕೆ ಬ್ಯಾಡ ಅಂದಳು? ಧಣಿಯ ಹೆದರಿಕೆಯಿಂದಲ್ಲ, ನಾಚಿಕೆಯಿಂದ. ಹಸಿದವರ ಮನಿಗೆ ಬಂದು ಮಗನ ಬೆಲೆ ಕಟ್ಟಿದವರು ನಾಚಲಿಲ್ಲ. ಒಂದು ತುತ್ತು ಉಂಡ ಹತ್ತು ವರ್ಷದ ಹುಡುಗಿ ಐವತ್ತು ವರ್ಷ ನಾಚಿದಳು. ಶೋಷಣೆ ದುಡಿಮೆ ಕಸಿದು ಸುಮ್ಮನಾಗೋದಿಲ್ಲ, ತನ್ನ ಪಾಪವನ್ನೂ ನಮ್ಮ ತಲಿ ಮ್ಯಾಲೆ ಹೊರಿಸ್ತದ. ನಾವು ಚಪ್ಪಾಳೆಯ ನಡುವೆ ಆ ಹೊರಿ ಇನ್ನಷ್ಟು ಭಾರ ಮಾಡಿದೆವು. ಕಥಿ ಕೂಡಿಸುವವರ ಕೆಲಸ ಹೊರಿ ಇಳಿಸೋದು. ನಾಚಿಕೆಯನ್ನು ಅದು ಹುಟ್ಟಿದ ಮನಿಯ ಬಾಗಿಲಿಗೆ ಒಯ್ದು ಇಡೋದು. ಅದು ಹೇಳಿದವರ ಕೈಬಿಟ್ಟು ಆಗುವ ಕೆಲಸವಲ್ಲ.

ಮತ್ತ ಹೋದೆವು. ಮೊದಲು ಆಯಿಯ ಮುಂದೆ ತಪ್ಪಾತು ಅಂದೆವು. ಬರೆದ ಹಾಳೆ ಆಕೆಯ ಕೈಗೆ ಕೊಟ್ಟೆವು. "ನನಗ ಓದಾಕ ಬರೂದಿಲ್ಲ, ಎಲ್ಲಾರ ಮುಂದ ನೀವ ಓದ್ರಿ," ಅಂದಳು. ಸಂಜೀಮುಂದ ದುರಗವ್ವನ ಗುಡಿ ಕಟ್ಟಿ ಮ್ಯಾಲೆ ಓದಿದೆವು. ನಡುವೆಯೇ ಆಯಿ ತಡೆದಳು: "ಎರಡು ಚೀಲ ಅಲ್ಲ, ಒಂದೂವರಿ. ಅರ್ಧ ಚೀಲ ಹಳೇ ಬಾಕಿಗೆ ಮುರಕೊಂಡ್ರು."

ಗೆಳೆಯರೇ, ಆ ಅರ್ಧ ಚೀಲ ಗದಗಿನ ಸಭೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಥಿ ತಿರುಗಿ ಕೇರಿಗೆ ಬಂದದ್ದಕ್ಕೇ ಸತ್ಯ ಪೂರ್ತಿಯಾಯಿತು. ಓದು ಮುಗಿಯುವಷ್ಟರಲ್ಲಿ ಹಿಂದ ಕುಂತಿದ್ದ ಇನ್ನೊಬ್ಬ ಮುದುಕಿ "ನಮ್ಮ ಮನಿಯಾಗೂ ಒಬ್ಬನ್ನ ಇಟ್ಟಿದ್ರು" ಅಂದಳು. ಮೂಲ್ಯಾಗಿಂದ ಒಬ್ಬ ಮುತ್ಯಾ, "ನಾನ ಇದ್ದೆ, ಆರು ವರ್ಷ" ಅಂದ. ಒಬ್ಬಾಕಿಯ ನಾಚಿಕೆ ಅಂದುಕೊಂಡದ್ದು ಆ ರಾತ್ರಿ ಇಡೀ ಕೇರಿಯ ಲೆಕ್ಕವಾಯಿತು.

ಶಾಲೆ ಮಾಸ್ತರರೇ, ಓದುವ ಹುಡುಗ ಹುಡುಗಿಯರೇ, ನಿಮ್ಮೂರಾಗೂ ಇಂಥ ಕಥಿ ಅದಾವು. ಹೋಗಿ ಕೇಳ್ರಿ. ಆದರ ಅಚ್ಚಿಗೆ ಕೊಡೂಕಿಂತ ಮೊದಲು ಹೇಳಿದವರ ಅಂಗಳದಾಗ ಕುಂತು ಓದ್ರಿ. ಅವರು ತೆಗಿ ಅಂದದ್ದನ್ನ ತೆಗೀರಿ. ತಡವಾದರ ಆಗಲಿ.

ಏಳುವಾಗ ಆಯಿ ಅಂದಳು: "ಈಗ ಬರೀರಿ. ಅಣ್ಣನ ಹೆಸರು ಮಾತ್ರ ಬ್ಯಾಡ. ಅವ ಎಲ್ಲೆರ ಇದ್ರ, ಅದನ್ನ ಅವನ ಹೇಳ್ಲಿ."

ಆ ಹೆಸರು ನಮಗೆ ಗೊತ್ತು. ಬರೆದಿಲ್ಲ.