ಮೊದಲ ಪುಟದ ಆಸೆ

ಸಂತೆಯಲ್ಲಿ ಸೌತೆಕಾಯಿ ಮಾರುವವಳು ಬೆಳಗಾಗುವ ಮೊದಲೇ ಬಂದು, ಜನ ಓಡಾಡುವ ದಾರಿಯ ಬದಿಗೇ ಬುಟ್ಟಿ ಇಟ್ಟುಕೊಳ್ಳುತ್ತಾಳೆ. ಅದರಲ್ಲಿ ತಪ್ಪೇನಿದೆ? ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕೂತರೆ ಎಷ್ಟು ಎಳೆಯ ಕಾಯಾದರೂ ಸಂಜೆಗೆ ಬಾಡುತ್ತದೆ. ಆದರೆ ಅವಳೇ ಹತ್ತು ಜನರಿಗೆ ದುಡ್ಡು ಕೊಟ್ಟು, "ಇವಳ ಕಾಯಿಯಷ್ಟು ರುಚಿ ಬೇರೆಲ್ಲೂ ಇಲ್ಲ" ಎಂದು ಸಂತೆ ತುಂಬ ಹೇಳಿಸಿದರೆ? ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ನಮ್ಮ ಅತ್ತಿಗೆಯ ಹಲಸಿನ ಹಪ್ಪಳದಿಂದ.

ಅತ್ತಿಗೆಯ ಮನೆ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಬೇಸಿಗೆ ಬಂತೆಂದರೆ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ಅಕ್ಕಪಕ್ಕದ ನಾಲ್ವರು ಹೆಂಗಸರು ಬಂದು ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ ಒಣಗಿಸುತ್ತಾರೆ. ಒಂದು ರಜೆಯಲ್ಲಿ ನನ್ನ ಮಗಳು ಈ ಹಪ್ಪಳಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಳು. ನಾವೆಲ್ಲ ನೋಡಿ ಸಂತೋಷಪಟ್ಟೆವು. ನಮ್ಮನ್ನು ಬಿಟ್ಟರೆ ಬೇರೆ ಯಾರೂ ನೋಡಲಿಲ್ಲ.

ಆಗ ಪಟ್ಟಣದ ಒಂದು ಸಂಸ್ಥೆಯಿಂದ ಫೋನು ಬಂತು. ಅವರು ಎಸ್‌ಇಒ ಮಾಡುವವರಂತೆ. ಅಂದರೆ, ಗೂಗಲ್‌ನಲ್ಲಿ ಯಾರಾದರೂ ಹುಡುಕಿದಾಗ ನಮ್ಮ ಹೆಸರು ಮೇಲೆ ಬರುವ ಹಾಗೆ ಮಾಡುವ ಕೆಲಸ. ತಿಂಗಳಿಗೆ 10,000 ರೂಪಾಯಿ, ಮೂರು ತಿಂಗಳಲ್ಲಿ ಮೊದಲ ಪುಟದ ಮೊದಲ ಹೆಸರು ನಿಮ್ಮದೇ, ಗ್ಯಾರಂಟಿ ಎಂದರು.

"ನೀನು ಓದಿದವಳು, ಏನು ಮಾಡಲೇ?" ಎಂದು ಅತ್ತಿಗೆ ನನ್ನನ್ನು ಕೇಳಿದರು. "ಕೊಡಿ ಅತ್ತಿಗೆ, ಈಗಿನ ಕಾಲದಲ್ಲಿ ಇದಿಲ್ಲದೆ ಆಗುವುದಿಲ್ಲ" ಎಂದುಬಿಟ್ಟೆ. ಆ 30,000 ರೂಪಾಯಿ ಚೌತಿಯ ಹೊತ್ತಿಗೆ ಆ ನಾಲ್ವರು ಹೆಂಗಸರಿಗೆ ಕೊಡಲೆಂದು ತೆಗೆದಿಟ್ಟದ್ದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲೂ ಇಲ್ಲ.

ಮೂರು ತಿಂಗಳಾದ ಮೇಲೆ ಬಣ್ಣಬಣ್ಣದ ವರದಿ ಬಂತು. ಮೊದಲ ಸ್ಥಾನ ಸಿಕ್ಕಿತ್ತು! ಯಾವ ಮಾತಿಗೆ ಎಂದು ನೋಡಿದರೆ, ಅತ್ತಿಗೆ ತಮ್ಮ ಹಪ್ಪಳಕ್ಕೆ ಇಟ್ಟ ಹೆಸರಿಗೆ. ಆ ಹೆಸರು ಪ್ರಪಂಚದಲ್ಲಿ ಬೇರೆ ಯಾರಿಗೂ ಇಲ್ಲ; ಅದನ್ನು ಬಲ್ಲವರು ನಮ್ಮ ಮನೆಯವರು ಮಾತ್ರ. ಜೊತೆಗೆ ನಮ್ಮ ಹಪ್ಪಳವನ್ನು ತೋರಿಸುವ ನೂರಾರು ಕೊಂಡಿಗಳ ಪಟ್ಟಿ. ಮಗಳು ತೆರೆದು ನೋಡಿದಳು. ಎಲ್ಲಿಯದೋ ಜೂಜಾಟದ ಪುಟಗಳು, ಅರ್ಥವಿಲ್ಲದ ಬರಹಗಳು, ನಡುವೆ ನಮ್ಮ ಹಲಸಿನ ಹಪ್ಪಳ!

ಈ ಕೊಂಡಿಗಳು ಯಾಕೆ ಎಂದು ಅವಳೇ ತಿಳಿಸಿ ಹೇಳಿದಳು. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಗೂಗಲ್ ಕಟ್ಟಿದಾಗ ಅವರ ಎಣಿಕೆ ಸರಳವಾಗಿತ್ತು. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ, ಅದು ಒಂದು ಒಳ್ಳೆಯ ಮಾತು ಹೇಳಿದ ಹಾಗೆ. ಹೇಳಿದವರು ದೊಡ್ಡವರಾದಷ್ಟೂ ಮಾತಿಗೆ ತೂಕ ಹೆಚ್ಚು. ಮಾತಿಗೆ ತೂಕ ಬಂದ ಕೂಡಲೇ ಅದಕ್ಕೆ ಬೆಲೆಯೂ ಬಂತು, ಮಾರಾಟಕ್ಕೂ ಬಂತು. 2011ರ ಫೆಬ್ರವರಿಯಲ್ಲಿ ಅಮೆರಿಕದ ಜೆ. ಸಿ. ಪೆನ್ನಿ ಎಂಬ ಭಾರೀ ಅಂಗಡಿಗೆ ಇಂಥ ಕೊಂಡಿಗಳ ರಾಶಿಯೇ ಇರುವುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೊರಗೆಡವಿತು. ಗೂಗಲ್ ಅವರನ್ನು ಕೆಳಗೆ ದಬ್ಬಿತು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಹೊಸ ಲೆಕ್ಕಾಚಾರ ತಂದು, ಇಂಥ ಕೊಂಡಿಗಳನ್ನು ನೆಚ್ಚಿದ ಎಷ್ಟೋ ಪುಟಗಳನ್ನು ಹಿಂದಕ್ಕೆ ತಳ್ಳಿತು. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು, ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದು ಗೂಗಲ್ ತಾನೇ ಬರೆದಿದೆ. ಓದಿದವಳೆನಿಸಿಕೊಂಡ ನಾನು ಅದನ್ನು ಮೊದಲೇ ಓದಬಹುದಿತ್ತು.

ಹಾಗಾದರೆ ಇದಕ್ಕೆ ದುಡ್ಡು ಹಾಕುವುದೇ ತಪ್ಪೇ? ಹಾಗೆನ್ನಲಾರೆ. ಮಗಳು ಸರ್ಚ್ ಕನ್ಸೋಲ್ ಎಂಬುದನ್ನು ತೆರೆದಳು. ಅದು ಗೂಗಲ್ ಬಿಟ್ಟಿಯಾಗಿ ಕೊಡುವ ಸೌಲಭ್ಯ. ಜನ ಏನು ಬರೆದು ಹುಡುಕಿದಾಗ ನಮ್ಮ ಪುಟ ಕಂಡಿತು ಎಂದು ಅದು ತೋರಿಸುತ್ತದೆ. ಹಲಸಿನ ಹಪ್ಪಳವನ್ನು ಕೆಂಪಾಗದಂತೆ ಕರಿಯುವುದು ಹೇಗೆಂದು ಕೇಳಿದವರಿದ್ದರು. ನಮ್ಮ ಪುಟದಲ್ಲಿ ಆ ವಿಷಯವೇ ಇರಲಿಲ್ಲ. ಬೆಲೆಯೂ ವಿವರವೂ ಒಂದು ಚಿತ್ರದೊಳಗೆ ಅಡಗಿದ್ದವು. ಅತ್ತಿಗೆ ಹೇಳುತ್ತಾ ಹೋದರು, ಮಗಳು ಬರೆಯುತ್ತಾ ಹೋದಳು: ಎಂಥ ಹಲಸು, ಉಪ್ಪು ಖಾರ ಎಷ್ಟು, ಎಷ್ಟು ದಿನ ಕೆಡುವುದಿಲ್ಲ, ಎಣ್ಣೆ ಎಷ್ಟು ಕಾಯಬೇಕು. ಮೊಬೈಲಿನಲ್ಲಿ ಪುಟ ಬೇಗ ತೆರೆಯುವಂತೆ ಮಾಡಲು ಊರಿನ ಒಬ್ಬ ಹುಡುಗನಿಗೆ ಎರಡು ದಿನದ ಕೂಲಿ ಕೊಟ್ಟೆವು. ಅದೂ ಎಸ್‌ಇಒ ಕೆಲಸವೇ. ಬೇಡಿಕೆ ಒಂದೊಂದಾಗಿ ಬರತೊಡಗಿತು. ಮೊದಲ ಸ್ಥಾನ ಬಂದಿಲ್ಲ.

ನನಗೆ ಗೆರೆ ಕಂಡದ್ದು ಅಲ್ಲಿ. ಗೂಗಲ್‌ನಲ್ಲಿ ಹುಡುಕುವ ಹೆಂಗಸು ಪಕ್ಕದ ಮನೆಯವಳನ್ನು ಕೇಳುವ ಹಾಗೆಯೇ ಕೇಳುತ್ತಾಳೆ, "ಒಳ್ಳೆಯ ಹಪ್ಪಳ ಎಲ್ಲಿ ಸಿಗುತ್ತದೆ?" ಎಂದು. ನಮ್ಮ ಮನೆಯ ದಾರಿ ತೋರಿಸಲು ಬೋರ್ಡು ಹಾಕುವುದಕ್ಕೆ ಖರ್ಚು ಮಾಡಬಹುದು. ಆ ಪಕ್ಕದ ಮನೆಯವಳಿಗೆ ಲಂಚ ಕೊಟ್ಟರೆ, ಮೋಸವಾಗುವುದು ಯಂತ್ರಕ್ಕಲ್ಲ, ನಂಬಿ ಕೇಳಿದವಳಿಗೆ. ಎಲ್ಲರೂ ಕೊಡುತ್ತಾರಲ್ಲ ಎನ್ನುವಿರಾ? ನಾನೂ ಹಾಗೆ ಹೇಳಿಯೇ ಅತ್ತಿಗೆಯಿಂದ ದುಡ್ಡು ಕೊಡಿಸಿದ್ದು.

ಆ ಚೌತಿಗೆ ನಾಲ್ವರಿಗೂ ಬರಿಯ ಸೀರೆ ಸಿಕ್ಕಿತು. ನಾನು ಅರ್ಧ ಹಣ ಕೊಡಲು ಹೋದೆ. "ನನಗೆ ಬೇಡ, ಕೊಡುವುದಾದರೆ ಅವರಿಗೆ ಕೊಡು, ಯಾಕೆಂದೂ ಹೇಳು" ಎಂದರು ಅತ್ತಿಗೆ. ಕೊಡುವುದು ಸುಲಭವಾಗಿತ್ತು, ಯಾಕೆಂದು ಹೇಳುವುದು ಕಷ್ಟವಾಯಿತು. ಕಿರಿಯವಳು ಎಲ್ಲ ಕೇಳಿ, "ಮೂವತ್ತು ಸಾವಿರ ಇಸಕೊಂಡು ಅವರು ಏನು ಕೆಲಸ ಮಾಡಿದ್ರು ಅಮ್ಮಾ?" ಎಂದಳು.

ಆ ಪ್ರಶ್ನೆಯನ್ನು ಕೊಡುವ ಮೊದಲೇ ಕೇಳಬೇಕಿತ್ತು. ಈಗ ಅಂಥ ಫೋನು ಬಂದಾಗಲೆಲ್ಲ ಅತ್ತಿಗೆ ಅದನ್ನೇ ಕೇಳುತ್ತಾರೆ. ಮಾಡುವ ಕೆಲಸವನ್ನು ಅಂಗಳದಲ್ಲಿ ಕೂತವರಿಗೆ ತಿಳಿಯುವ ಹಾಗೆ ಹೇಳಿ, ಆಮೇಲೆ ದುಡ್ಡಿನ ಮಾತು ಎನ್ನುತ್ತಾರೆ.