ಹಿಡಿದವರಿಲ್ಲದಿದ್ದರೆ ಕಸವೇ?

ಪೈಥಾನ್‌ನಲ್ಲಿ ಒಂದು ವಸ್ತು ಮೆಮೊರಿಯಲ್ಲಿ ಉಳಿಯೋದಕ್ಕೆ ಯೋಗ್ಯತೆ ಏನೂ ಬೇಕಿಲ್ಲ, ಯಾರಾದರೂ ಅದನ್ನು ಹಿಡಿದುಕೊಂಡಿದ್ದರೆ ಸಾಕು. ಹಿಡಿದವರ ಲೆಕ್ಕ ಸೊನ್ನೆಯಾದ ಕ್ಷಣ ಅದು ಹೋಯ್ತು. ಇದೇ ರೆಫರೆನ್ಸ್ ಕೌಂಟಿಂಗ್.

ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆದವರಿಗೆ ಇದರ ಕಾಟ ಗೊತ್ತು. ಅಲ್ಲಿ ಪ್ರೋಗ್ರಾಮ್ ಸುಮ್ಮನೆ ಕಾಯುತ್ತಾ ಕೂತಿರುತ್ತೆ. ಕ್ಲಿಕ್ ಆದರೆ, ಟೈಮರ್ ಹೊಡೆದರೆ ಏಳುತ್ತೆ. 'ಸಮಯ ಆದಾಗ ನನ್ನನ್ನು ಕರಿ' ಅಂತ ವಿಂಡೋ ಟೈಮರ್‌ಗೆ ಒಂದು ಕಾಲ್‌ಬ್ಯಾಕ್ ಕೊಟ್ಟಿರುತ್ತೆ. ನೀವು ವಿಂಡೋ ಮುಚ್ಚಿದರೂ ಟೈಮರ್ ಆ ಕಾಲ್‌ಬ್ಯಾಕನ್ನು ಬಿಟ್ಟಿರೋಲ್ಲ, ಕಾಲ್‌ಬ್ಯಾಕ್ ವಿಂಡೋವನ್ನು ಬಿಟ್ಟಿರೋಲ್ಲ. ಮುಚ್ಚಿದ ವಿಂಡೋಗಳು ಒಳಗೇ ಗುಡ್ಡೆ ಬೀಳುತ್ತವೆ. ಇದಕ್ಕೊಂದು ಮದ್ದು ವೀಕ್ ರೆಫರೆನ್ಸ್. 2001ರ ಪೈಥಾನ್ 2.1ರಿಂದ ಇದೆ. ಗುರುತು ಇಟ್ಟುಕೊಳ್ಳೋದು, ಆದರೆ ಹಿಡಿದುಕೊಳ್ಳದೇ ಇರೋದು.

ಇನ್ನೊಂದು ತೊಡಕು: ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡರೆ ಲೆಕ್ಕ ಎಂದೂ ಸೊನ್ನೆಗೆ ಇಳಿಯೋಲ್ಲ. ಅದಕ್ಕೇ 2000ದಲ್ಲಿ, ಪೈಥಾನ್ 2.0ರಲ್ಲಿ, ಅಂಥ ಜೋಡಿಗಳನ್ನು ಹುಡುಕುವ ಗಾರ್ಬೇಜ್ ಕಲೆಕ್ಟರ್ ಬಂತು. ಅದು ಕೇಳೋದು ಇಷ್ಟೇ: ಇವರನ್ನು ಹೊರಗಿನಿಂದ ಯಾರಾದರೂ ಹಿಡಿದಿದ್ದಾರಾ? ಇಲ್ಲ ಅಂದರೆ ಇಬ್ಬರೂ ಕಸ.

ಕೊಡಗಿನಲ್ಲಿ ಬೆಳೆದವರಿಗೆ ಈ ಪ್ರಶ್ನೆ ಚುಚ್ಚುತ್ತೆ. ಅಲ್ಲಿ ಹಳ್ಳಿ ಮನೆಗಳು ಒತ್ತೊತ್ತಾಗಿಲ್ಲ. ತೋಟದ ನಡುವೆ ಒಂದೊಂದೇ. ಮಕ್ಕಳು ಬೆಂಗಳೂರಲ್ಲಿ, ಇಲ್ಲವೇ ಹೊರದೇಶದಲ್ಲಿ. ಒಬ್ಬರಿಗೊಬ್ಬರು ಮಾತ್ರೆ ನೆನಪಿಸುತ್ತಾ ಉಳಿದವರು ವಯಸ್ಸಾದ ಇಬ್ಬರು. ಯಂತ್ರದ ಲೆಕ್ಕದಲ್ಲಿ ಅವರು ಏನು?

'ಏನಾದ್ರೂ ಇದ್ರೆ ಫೋನ್ ಮಾಡಿ' ಅಂತ ನಾವು ಕಾಲ್‌ಬ್ಯಾಕ್ ಕೊಟ್ಟು ಬಂದಿರುತ್ತೇವೆ. ಜುಲೈ ಮಳೆಗೆ ಕರೆಂಟು ಹೋಗಿ, ನೆಟ್‌ವರ್ಕ್ ಸತ್ತರೆ ಆ ಫೋನ್ ಬರೋಲ್ಲ. ಬಿಸಿಲಿದ್ದಾಗಲೂ ಅವರು ಮಾಡೋಲ್ಲ: 'ನಿಂಗ್ಯಾಕೆ ತೊಂದ್ರೆ ಅಂತ ಸುಮ್ನಾದೆ.' ವೀಕ್ ರೆಫರೆನ್ಸ್ ಇಟ್ಟುಕೊಂಡವನಿಗೆ ಸಾಮಾನ್ಯವಾಗಿ ವಿಷಯ ತಿಳಿಯೋದು ವಿಚಾರಿಸಿದಾಗ, ಉತ್ತರ ಖಾಲಿ ಬಂದಾಗ.

ಕೋಡ್‌ನಲ್ಲಿ ಒಂದು ವಾಡಿಕೆಯಿದೆ: ಪೇರೆಂಟ್ ಮಗುವನ್ನು ಗಟ್ಟಿಯಾಗಿ ಹಿಡಿಯಬೇಕು, ಮಗು ಪೇರೆಂಟನ್ನು ಸಡಿಲವಾಗಿ. ಮೆಮೊರಿ ಉಳಿಸೋಕೆ ಅದು ಸರಿಯಾದ ನಿಯಮ. ಮನುಷ್ಯರ ಬೆಲೆ ಕಟ್ಟೋಕೆ ಅದು ಬರೋಲ್ಲ. ಯಾರೂ ಹಿಡಿಯಲಿಲ್ಲ ಅಂತ ಅಪ್ಪ ಅಮ್ಮ ಕಸ ಆಗೋಲ್ಲ. ಹಿಡಿಯದವರ ತಲೆ ಮೇಲೆ ಬಾಕಿ ಉಳಿಯುತ್ತೆ, ಅಷ್ಟೇ.

ಗಟ್ಟಿಯಾಗಿ ಹಿಡಿಯೋಕೆ ಕೆಲಸ ಬಿಟ್ಟು ಊರಿಗೆ ಹೋಗಿ ಕೂರಬೇಕಿಲ್ಲ. ಪುತ್ತರಿಗೆ ಒಕ್ಕದವರು ಐನ್‌ಮನೆಗೆ ಬಂದು ಸೇರೋದನ್ನು ನೋಡಿ. ಏನಾದರೂ ಆಗಲಿ, ಆಮೇಲೆ ಹೋಗೋಣ ಅಂತ ಯಾರೂ ಕಾಯೋಲ್ಲ. ಹಬ್ಬದ ದಿನ ಗೊತ್ತಾಯ್ತು, ಹೊರಟರು. ತಿಂಗಳಿಗೊಮ್ಮೆ, ಯಾವ ಫೋನೂ ಬರದೆ, ಹಾಗೆ ಹೊರಡೋಕೆ ನಮಗೆ ಅಡ್ಡಿ ಏನು?